ಜೊಂಡಿನ ಬೆನ್ನಿಗಿರುವ ಬಳಗ

ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಮೂರೂ ದೇಶಗಳ ನಡುವೆ ಹರಡಿಕೊಂಡಿರುವ ಕಾನ್‌ಸ್ಟನ್ಸ್ ಸರೋವರದ ದಂಡೆಯಲ್ಲಿ ಜೊಂಡು ಕರಗುತ್ತಿದೆ ಎಂಬುದು ಅಲ್ಲಿಯವರ ಹಳೆಯ ಕೊರಗು. ಕಳೆದ ಶತಮಾನದ ನಡುಭಾಗದಿಂದೀಚೆಗೆ ಯುರೋಪಿನ ಎಷ್ಟೋ ಸರೋವರಗಳ ಅಂಚಿನಲ್ಲಿ ಇದೇ ಕಥೆ. ಹಕ್ಕಿ ಗೂಡು ಕಟ್ಟುವ, ಮೀನು ಮೊಟ್ಟೆಯಿಡುವ, ಅಲೆಯ ಹೊಡೆತಕ್ಕೆ ದಂಡೆ ಕುಸಿಯದಂತೆ ಕಾಯುವ ಹುಲ್ಲು ತಾನಾಗಿ ಸಾಯುತ್ತಿದೆಯಲ್ಲ ಎಂಬ ಚಿಂತೆ ಅವರದು. ಅಟ್ಲಾಂಟಿಕ್ ದಾಟಿ ಅಮೆರಿಕದ ಗ್ರೇಟ್ ಲೇಕ್ಸ್ ಸೀಮೆಗೆ ಬಂದರೆ ಕೊರಗು ತಲೆಕೆಳಗಾಗುತ್ತದೆ. ಅಲ್ಲಿ ಅದೇ ಹುಲ್ಲು ಎರಡಾಳು ಎತ್ತರಕ್ಕೆ ಗೋಡೆಯಂತೆ ಎದ್ದು, ಜೌಗಿನ ಉಳಿದ ಗಿಡಗಳಿಗೆಲ್ಲ ಬಿಸಿಲು ಕಾಣದಂತೆ ಮಾಡಿದೆ. 2005ರಿಂದ 2009ರವರೆಗಿನ ಐದು ವರ್ಷಗಳಲ್ಲಿ ಅಮೆರಿಕದ ಜಮೀನು ನಿರ್ವಾಹಕರು ಸುಮಾರು 80 ಸಾವಿರ ಹೆಕ್ಟೇರಿನಲ್ಲಿ ಇದರ ವಿರುದ್ಧ ಹೋರಾಡಿದರು. ವರ್ಷಕ್ಕೆ 46 ಲಕ್ಷ ಡಾಲರಿಗೂ ಮಿಕ್ಕಿ ಸುರಿದರು. ಲೆಕ್ಕ ಹಾಕಿ ನೋಡಿದ ಸಂಶೋಧಕರಿಗೆ ಕಂಡದ್ದು ಒಂದೇ: ಸುರಿದ ಹಣಕ್ಕೂ ಸಿಕ್ಕ ಫಲಕ್ಕೂ ಸಂಬಂಧವೇ ಇರಲಿಲ್ಲ. ಒಂದು ದಡದಲ್ಲಿ ಉಳಿಸಲಾಗದ, ಇನ್ನೊಂದು ದಡದಲ್ಲಿ ಅಳಿಸಲಾಗದ ಈ ಹುಲ್ಲಿನ ಗುಟ್ಟನ್ನು ಗಿಡದೊಳಗೆ ಮಾತ್ರ ಹುಡುಕಿದರೆ ಸಾಲದು ಎನ್ನಲು ಇಷ್ಟೇ ಸಾಕು.

ಹೆಸರು ಫ್ರಾಗ್ಮೈಟಿಸ್ ಆಸ್ಟ್ರಾಲಿಸ್. ನಮ್ಮ ಕೆರೆಗಳಲ್ಲಿ ಕಂದು ಬತ್ತಿಯಂಥ ತೆನೆ ಬಿಡುವ ಆಪು ಇದಲ್ಲ. ತೆಳು ಬಿದಿರಿನಂಥ ಗೆಣ್ಣು ಗೆಣ್ಣಿನ ದಂಟು, ಕಬ್ಬಿನಂಥ ಗರಿ, ತುದಿಯಲ್ಲಿ ಕಬ್ಬಿನ ಸೂಲಂಗಿಯನ್ನೇ ನೆನಪಿಸುವ ಕುಚ್ಚು. ಕೆಸರಿನೊಳಗೆ ಅಡ್ಡಡ್ಡ ಹರಿಯುವ ಬೇರುಕಾಂಡ. ಇದರ ಹತ್ತಿರದ ನೆಂಟ ಫ್ರಾಗ್ಮೈಟಿಸ್ ಕರ್ಕಾ ಭಾರತದ ಹೊಳೆ-ಹಳ್ಳಗಳ ಅಂಚಿನಲ್ಲಿ ತನ್ನ ಪಾಡಿಗೆ ತಾನಿದೆ. ಅಮೆರಿಕದಲ್ಲೂ ಒಂದು ದೇಸಿ ಜೊಂಡು ಸಾವಿರಾರು ವರ್ಷಗಳಿಂದ ಇತ್ತು, ಈಗಲೂ ಅಲ್ಲಲ್ಲಿ ಇದೆ. ಅದು ಬೇರೆ ಗಿಡಗಳ ಜೊತೆ ಹೊಂದಿಕೊಂಡು ಬಾಳಿದ ಹುಲ್ಲು. ಹಾಗಾದರೆ ಇಪ್ಪತ್ತನೆಯ ಶತಮಾನದಲ್ಲಿ ಅದಕ್ಕೆ ಇದ್ದಕ್ಕಿದ್ದಂತೆ ಹುಚ್ಚು ಹಿಡಿದದ್ದೇಕೆ ಎಂದು ಸಸ್ಯಶಾಸ್ತ್ರಜ್ಞರು ಬಹುಕಾಲ ತಲೆ ಕೆರೆದುಕೊಂಡರು. ಉತ್ತರ ಸಿಕ್ಕಿದ್ದು 2002ರಲ್ಲಿ, ಹಳೆಯ ಹರ್ಬೇರಿಯಂ ಹಾಳೆಗಳಿಂದ. 1910ಕ್ಕೆ ಮುಂಚೆ ಒಣಗಿಸಿ ಅಂಟಿಸಿಟ್ಟಿದ್ದ ಮಾದರಿಗಳ ಡಿಎನ್ಎಯನ್ನು ಇಂದಿನ ಗಿಡಗಳದ್ದರ ಜೊತೆ ಹೋಲಿಸಿದ ಕ್ರಿಸ್ಟಿನ್ ಸಾಲ್ಟನ್‌ಸ್ಟಾಲ್, ಹಬ್ಬುತ್ತಿರುವುದು ದೇಸಿಯಲ್ಲ, ಅದೇ ಪ್ರಭೇದದ ಯುರೇಷ್ಯಾ ಕುಲ ಎಂದು ತೋರಿಸಿದರು. ನೋಡಲು ಒಂದೇ ಥರ ಇದ್ದುದರಿಂದ ಕಳ್ಳ ಮನೆಯೊಳಗೆ ಬಂದು ದಶಕಗಳೇ ಕಳೆದರೂ ಯಾರಿಗೂ ಗೊತ್ತಾಗಿರಲಿಲ್ಲ. ಈ ಶೋಧ ವಿಜ್ಞಾನಿಗಳ ಕೈಗೆ ಅಪರೂಪದ ಪ್ರಯೋಗವನ್ನೇ ಇಟ್ಟಿತು: ಒಂದೇ ಜೌಗಿನಲ್ಲಿ ಅಕ್ಕಪಕ್ಕ ನಿಂತ ದಾಯಾದಿಗಳು, ಒಬ್ಬ ಸಾಧು, ಇನ್ನೊಬ್ಬ ದಾಳಿಕೋರ.

ಬೀಜ, ಬೇರುಕಾಂಡದ ತುಂಡು ಹಡಗೇರಿ ಬರಬಹುದು. ಊರಿನ ರೋಗಗಳೆಲ್ಲ ಜೊತೆಗೆ ಬರುವುದಿಲ್ಲ. ಚಾರ್ಲ್ಸ್ ಮಿಚೆಲ್ ಮತ್ತು ಅಲಿಸನ್ ಪವರ್ 2003ರಲ್ಲಿ ಯುರೋಪಿನಿಂದ ಬಂದು ಅಮೆರಿಕದಲ್ಲಿ ನೆಲೆಯೂರಿದ 473 ಗಿಡಗಳ ರೋಗಪಟ್ಟಿಗಳನ್ನು ತಾಳೆ ನೋಡಿದಾಗ, ತವರಿನಲ್ಲಿ ಕಾಡುತ್ತಿದ್ದುದಕ್ಕಿಂತ ಸರಾಸರಿ ಶೇಕಡಾ 84ರಷ್ಟು ಕಡಿಮೆ ಜಾತಿಯ ಶಿಲೀಂಧ್ರಗಳು ಹೊಸ ನೆಲದಲ್ಲಿ ಅವನ್ನು ಕಾಡುತ್ತಿದ್ದವು. ಜೊಂಡಿನ ತವರಿನ ಶತ್ರುಗಳಲ್ಲಿ ಒಂದರ ಗುರುತು ಸಿಕ್ಕಿದ್ದು ಅದೇ ಕಾನ್‌ಸ್ಟನ್ಸ್ ಸರೋವರದ ದಂಡೆಯಲ್ಲಿ. 2005ರಲ್ಲಿ ಅದಕ್ಕೆ ಪಿಥಿಯಂ ಫ್ರಾಗ್ಮೈಟಿಸ್ ಎಂದು ಹೆಸರಿಟ್ಟರು. ಪಿಥಿಯಂ ಎಂದರೆ ಶುಂಠಿ ಬೆಳೆಯುವವರಿಗೆ ಬೇರೆ ಪರಿಚಯ ಬೇಕಿಲ್ಲ, ಗೆಡ್ಡೆ ಕೊಳೆಯ ಹಿಂದಿರುವುದು ಅದೇ ಬಳಗ. ಮಲೆನಾಡಿನ ಅಡಿಕೆ ಕೊಳೆರೋಗದ ಫೈಟಾಫ್ತೊರ ಅದರ ಸೋದರ ಸಂಬಂಧಿ. ನೋಡಲು ಶಿಲೀಂಧ್ರದಂತಿದ್ದರೂ ಇವು ನಿಜವಾದ ಶಿಲೀಂಧ್ರಗಳಲ್ಲ, ನೀರಿನಲ್ಲಿ ಬಾಲ ಆಡಿಸುತ್ತ ಈಜಬಲ್ಲ ಬೀಜಕಣಗಳನ್ನು ಬಿಡುವ ಬೇರೆಯೇ ಗುಂಪು. ಸರೋವರದ ನೀರು ಏರಿ, ಜೊತೆಗೆ ಬೆಚ್ಚಗಾದಾಗ ಜೊಂಡಿಗೆ ಈ ರೋಗದ ಕಾಟ ಹೆಚ್ಚೆಂದು ಮುಂದೆ ಅಲ್ಲಿಯ ಸಂಶೋಧಕರು ಕಂಡುಕೊಂಡರು.

ಶತ್ರುವನ್ನು ತವರಿನಲ್ಲೇ ಬಿಟ್ಟು ಬಂದದ್ದರಿಂದ ಗಿಡ ಗೆದ್ದಿತು ಎಂದು ಇಲ್ಲಿಗೇ ಮಾತು ಮುಗಿಸಬಹುದಿತ್ತು, ಅಮೆರಿಕದ ಕೆಸರು ರೋಗಮುಕ್ತವಾಗಿದ್ದರೆ. ಕಾರ್ನೆಲ್ ವಿಶ್ವವಿದ್ಯಾಲಯದ ಎರಿಕ್ ನೆಲ್ಸನ್ ಅವರ ತಂಡ ಜೊಂಡು ಹೊಕ್ಕ ನಾಲ್ಕು ಕಡೆಗಳಿಂದ ಎರಡು ವರ್ಷ ಮಣ್ಣು ತಂದು ಪರೀಕ್ಷಿಸಿದಾಗ ಈ ಈಜುವ ಗುಂಪಿನ 36 ಪ್ರಭೇದಗಳು ಸಿಕ್ಕವು, ಹೆಚ್ಚಿನವು ಪಿಥಿಯಂಗಳೇ. ಜೊಂಡಿದ್ದ ಮಣ್ಣಿನವೂ ಇಲ್ಲದ ಮಣ್ಣಿನವೂ ಸಮವಾಗಿ ಸಸಿಗಳನ್ನು ಕೊಂದವು. ದೇಸಿ ಗಿಡ, ಪರದೇಸಿ ಗಿಡ ಎಂಬ ಭೇದವೂ ಒಟ್ಟಾರೆಯಾಗಿ ಕಾಣಲಿಲ್ಲ. 2015ರ ಈ ವರದಿಯನ್ನು ಶತ್ರುವಿಮುಕ್ತಿಯ ವಾದಕ್ಕೆ ಬಿದ್ದ ಪೆಟ್ಟೆಂದು ಓದುವವರುಂಟು. ಅದರಲ್ಲಿ ಹೆಚ್ಚು ಬೆಲೆಯ ಸುದ್ದಿ ಇನ್ನೊಂದಿದೆ. ಕೆಸರು ಎಲ್ಲರ ಎಳೆ ಸಸಿಗಳನ್ನೂ ಕೊಲ್ಲುತ್ತದೆ ಎಂದಾದರೆ, ಮೊಳಕೆಯೊಡೆದ ಮೊದಲ ಕೆಲವು ವಾರಗಳನ್ನು ದಾಟಿಸುವ ಬಲ ಯಾರಿಗಿದೆ ಎಂಬುದೇ ಪ್ರಶ್ನೆಯಾಗುತ್ತದೆ. ಶಿಲೀಂಧ್ರ-ಬ್ಯಾಕ್ಟೀರಿಯಾಗಳು ಈ ಜೊಂಡಿನ ಹಣೆಬರಹ ಬರೆಯುವುದು ಎತ್ತರಕ್ಕೆ ನಿಂತ ಗಿಡದ ಬೇರಿನಲ್ಲಲ್ಲ, ಇನ್ನೂ ಬೆರಳುದ್ದವೂ ಆಗದ ಸಸಿಯಲ್ಲಿ ಎಂಬುದು ಈ ಲೇಖನದ ವಾದ. ಪುರಾವೆಗಳು ಒಂದಕ್ಕೊಂದು ಎದುರಾಡುವಂತೆ ಕಾಣುವುದು, ನೋಡುವವರು ಬೇರೆ ಬೇರೆ ವಯಸ್ಸಿನ ಗಿಡ ನೋಡುತ್ತಿರುವುದರಿಂದ.

ಬೀಜದಿಂದಲೇ ಶುರು ಮಾಡೋಣ. ಜೊಂಡಿನ ಬೀಜ ರಾಗಿಕಾಳಿಗಿಂತ ಎಷ್ಟೋ ಹಗುರ. ಗಾಳಿಗೆ ಹಾರಬೇಕಾದ್ದರಿಂದ ಒಳಗೆ ಬುತ್ತಿ ಕಡಿಮೆ. ಆದರೆ ಅದು ಒಂಟಿಯಾಗಿ ಹಾರುವುದಿಲ್ಲ. ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದ ಜೇಮ್ಸ್ ವೈಟ್ ಮತ್ತು ಅಮೆರಿಕದ ಭೂಗರ್ಭ ಸರ್ವೇಕ್ಷಣೆಯ ಕರ್ಟ್ ಕೊವಾಲ್ಸ್ಕಿ ಮುಂತಾದವರು ಬೀಜದೊಡನೆಯೇ ಸಾಗುವ ಸೂಡೊಮೊನಾಸ್ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದರು. ಇವನ್ನು ಬೇರೊಂದು ಹುಲ್ಲಿಗೆ, ನಮ್ಮ ಗರಿಕೆಗೆ ಹಚ್ಚಿ ನೋಡಿದರು. ಬ್ಯಾಕ್ಟೀರಿಯಾ ಹೊಕ್ಕ ಸಸಿಗಳು ಸೊರಗು ರೋಗದ ಫ್ಯುಸೇರಿಯಂ ಶಿಲೀಂಧ್ರವನ್ನು ತಡೆದುಕೊಂಡವು. ಅದೇ ಬ್ಯಾಕ್ಟೀರಿಯಾ ಪಕ್ಕದಲ್ಲಿ ಮೊಳೆಯುತ್ತಿದ್ದ ಡ್ಯಾಂಡೆಲಿಯನ್ ಸಸಿಗಳನ್ನು ಮಾತ್ರ ಹಿಂಡಿಹಾಕಿತು. ಒಬ್ಬನಿಗೆ ಅಂಗರಕ್ಷಕ, ನೆರೆಯವನಿಗೆ ಹಂತಕ. ನರ್ಸರಿಯ ಮಡಿಗೆ ಹಾಕಲೆಂದು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಲು ನಮ್ಮ ರೈತರು ಪ್ಯಾಕೆಟ್ಟಿನಲ್ಲಿ ಕೊಳ್ಳುವ ಸೂಡೊಮೊನಾಸ್ ಇದೇ ಕುಲದ್ದು. ಯಾವುದನ್ನು ನಾವು ದುಡ್ಡು ಕೊಟ್ಟು ತಂದು ಬೆಳೆಗೆ ಹಾಕುತ್ತೇವೋ ಅದನ್ನು ಈ ಕಳೆ ಹುಟ್ಟುವಾಗಲೇ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತದೆ.

ಶಿಲೀಂಧ್ರಗಳ ಕಡೆಯ ಸಾಕ್ಷ್ಯ ಇನ್ನೂ ಹಳೆಯದು, ಅದು ಬಂದದ್ದೂ ಕಾನ್‌ಸ್ಟನ್ಸ್‌ನಿಂದಲೇ. 2003ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದವರು ಬೇರೆ ಯಾವ ಸೂಕ್ಷ್ಮಜೀವಿಯೂ ಇಲ್ಲದ ಪಾತ್ರೆಗಳಲ್ಲಿ ಜೊಂಡು ಬೆಳೆಸಿ, ಬೀಜದ ಮೂಲಕ ದಾಟುವ ಸ್ಟ್ಯಾಗನೊಸ್ಪೊರ ಎಂಬ ಶಿಲೀಂಧ್ರವನ್ನಷ್ಟೇ ಒಳಬಿಟ್ಟಾಗ ಗಿಡದ ತೂಕ ಹೆಚ್ಚಿತು. ಇದರಲ್ಲೊಂದು ಸ್ವಾರಸ್ಯವಿದೆ: ಈ ಗೆಳೆಯ ತವರಿನಲ್ಲೂ ಇತ್ತು. ತವರಿನಲ್ಲಿ ಗೆಳೆಯನೂ ಇದ್ದು ಶತ್ರುವೂ ಇದ್ದಾಗ ಲೆಕ್ಕ ಸಮವಾಗಿತ್ತು. ಹೊಸ ನೆಲಕ್ಕೆ ಬೀಜದೊಡನೆ ಬಂದದ್ದು ಗೆಳೆಯ ಮಾತ್ರ ಇರಬಹುದು. ಅಮೆರಿಕದಲ್ಲಿ ಹಾರುವ ಬೀಜಗಳಲ್ಲಿ ಯಾವ ಶಿಲೀಂಧ್ರಗಳಿವೆ, ಅವು ಮೊಳಕೆಗೆ ಏನು ಮಾಡುತ್ತವೆ ಎಂದು ಕೀತ್ ಕ್ಲೇ ಅವರ ತಂಡ ಕೆದಕಿದಾಗ, ಎಲ್ಲವೂ ಒಳ್ಳೆಯದನ್ನೇ ಮಾಡುತ್ತವೆ ಎಂಬ ಸರಳ ಚಿತ್ರವೇನೂ ಹೊರಬರಲಿಲ್ಲ. ಸಹವಾಸದಲ್ಲಿ ಒಳ್ಳೆಯವರೂ ಸುಮ್ಮನಿರುವವರೂ ಕಾಲೆಳೆಯುವವರೂ ಇರುತ್ತಾರೆ. ಬಳಗ ಎಂದ ಮೇಲೆ ಅಷ್ಟೆ.

ಮತ್ತೆ ಬ್ಯಾಕ್ಟೀರಿಯಾಗಳಿಗೆ ಬಂದರೆ, ಅವು ಸಸಿಗೆ ಊಟ ಕೊಡುವ ಬಗೆಯಂತೂ ಹತ್ತಿರದಿಂದ ನೋಡುವಂಥದ್ದು. ಬೇರಿನ ತುದಿ ಸಕ್ಕರೆ ಜಿನುಗಿಸುತ್ತದೆ. ಅದರ ಆಸೆಗೆ ಮಣ್ಣಿನಿಂದ ಬ್ಯಾಕ್ಟೀರಿಯಾಗಳು ಬಂದು ಎಳೆಯ ಜೀವಕೋಶಗಳ ಒಳಗೇ ಸೇರಿಕೊಳ್ಳುತ್ತವೆ. ಒಳಗೆ ಹೋದ ಮೇಲೆ ಅವುಗಳ ಹೊರಗೋಡೆ ಕಳಚುತ್ತದೆ. ಗಿಡ ಆಮ್ಲಜನಕದ ಉಗ್ರ ರೂಪವಾದ ಸೂಪರ್‌ಆಕ್ಸೈಡನ್ನು ಅವುಗಳ ಮೇಲೆ ಹಾಯಿಸಿ, ಮೈಯಿಂದ ಸಾರಜನಕ ಮುಂತಾದವನ್ನು ಹಿಂಡಿಕೊಳ್ಳುತ್ತದೆ. ಸತ್ತವು ಸತ್ತವು. ಬದುಕಿದವು ಉದ್ದಕ್ಕೆ ಬೆಳೆಯುತ್ತಿರುವ ಬೇರುರೋಮದ ತುದಿಯಿಂದ ಹೊರಬಿದ್ದು, ಮತ್ತೆ ಗೋಡೆ ಕಟ್ಟಿಕೊಂಡು, ಮಣ್ಣಿನಲ್ಲಿ ಮೇಯಲು ಹೋಗುತ್ತವೆ; ಹೊಟ್ಟೆ ತುಂಬಿದ ಮೇಲೆ ಮತ್ತೆ ಬೇರಿನ ತುದಿಗೆ. ಹಸುವನ್ನು ಬೆಳಿಗ್ಗೆ ಗೋಮಾಳಕ್ಕೆ ಬಿಟ್ಟು ಸಂಜೆ ಕಟ್ಟಿ ಹಾಲು ಕರೆದುಕೊಳ್ಳುವ ವ್ಯವಹಾರ ಇದು, ಕರೆಯುವಾಗ ಕೆಲವು ಹಸುಗಳು ಸಾಯುತ್ತವೆ ಎಂಬುದೊಂದು ವ್ಯತ್ಯಾಸ. ವೈಟ್ ಮತ್ತು ಸಂಗಡಿಗರು 2018ರಲ್ಲಿ ಇದನ್ನು ರೈಝೊಫೇಜಿ ಚಕ್ರವೆಂದು ವಿವರಿಸಿದರು. ಒಟ್ಟು ಪೋಷಣೆಯಲ್ಲಿ ಇದರ ಪಾಲೆಷ್ಟು ಎಂಬ ಚರ್ಚೆ ಬೇರೆ. ಬುತ್ತಿ ಬರಿದಾದ ಸಣ್ಣ ಬೀಜದ ಸಸಿಗೆ ಮೊದಲ ದಿನಗಳಲ್ಲಿ ಇಂಥ ಒಂದೆರಡು ಹನಿ ಹಾಲೂ ಸಣ್ಣದಲ್ಲ.

ಇನ್ನು ಎದುರುವಾದ. ಮಿಷಿಗನ್ ರಾಜ್ಯದ ಉದ್ದಗಲಕ್ಕೆ ದೇಸಿ ಮತ್ತು ಪರದೇಸಿ ಜೊಂಡು ಅಕ್ಕಪಕ್ಕ ಇರುವ ತಾಣಗಳಿಂದ ಬೇರು ತಂದು, ಒಳಗಿನ ಬ್ಯಾಕ್ಟೀರಿಯಾ, ಶಿಲೀಂಧ್ರ, ಪಿಥಿಯಂ ಗುಂಪು ಮೂರನ್ನೂ ವೆಸ್ಲಿ ಬಿಕ್‌ಫರ್ಡ್ ಮತ್ತು ಸಹೋದ್ಯೋಗಿಗಳು ಲೆಕ್ಕ ಹಾಕಿದರು. ಪರದೇಸಿಯ ಬೇರಿನಲ್ಲಿ ಶಿಲೀಂಧ್ರಗಳ ಒಕ್ಕಲು ಹೆಚ್ಚಿತ್ತು ನಿಜ, ಆದರೆ ಯಾರು ಯಾರಿದ್ದಾರೆ, ಏನು ಮಾಡಬಲ್ಲರು ಎಂಬುದರಲ್ಲಿ ಎರಡು ಕುಲಗಳ ನಡುವೆ ವ್ಯತ್ಯಾಸ ಸಿಗಲಿಲ್ಲ. ಬಳಗವನ್ನು ನಿರ್ಧರಿಸುತ್ತಿದ್ದುದು ಜಾಗ ಮತ್ತು ಮಣ್ಣಿನ ಒದ್ದೆ. 2018ರ ಈ ಫಲಿತಾಂಶಕ್ಕೆ ಒಂದು ವರ್ಷ ಮೊದಲು ಜೆನಿಫರ್ ಬೋವೆನ್ ಮತ್ತು ಇತರರು ಪ್ರಕಟಿಸಿದ ಅಧ್ಯಯನ ಸರೀ ಉಲ್ಟಾ ಹೇಳಿತ್ತು: ಬೇರಿಗೆ ಅಂಟಿದ ಮಣ್ಣಿನ ಬ್ಯಾಕ್ಟೀರಿಯಾಗಳ ವಿಷಯದಲ್ಲಿ, ಮಗ್ಗುಲಲ್ಲೇ ಇರುವ ಬೇರೆ ಕುಲದ ಜೊಂಡಿಗಿಂತ ದೂರದ ಕರಾವಳಿಯಲ್ಲಿರುವ ತನ್ನದೇ ಕುಲದ ಜೊಂಡು ಹೆಚ್ಚು ಹೋಲುತ್ತದೆ ಎಂದು. ಒಂದನ್ನು ನಂಬಿ ಇನ್ನೊಂದನ್ನು ತಳ್ಳಿಹಾಕುವುದು ಸುಲಭ. ಆದರೆ ಒಬ್ಬರು ನೋಡಿದ್ದು ಬೇರಿನ ಒಳಗನ್ನು, ಇನ್ನೊಬ್ಬರು ಬೇರಿನ ಹೊರಗನ್ನು. ಮುಂದೆ 2020ರಲ್ಲಿ ಬಿಕ್‌ಫರ್ಡ್ ತಂಡವೇ ಬೇರಿನ ಸುತ್ತಣ ಮಣ್ಣನ್ನು ನೋಡಿ, ಕುಲಗಳ ನಡುವಿನ ವ್ಯತ್ಯಾಸ ಜೊಂಡಿನ ದಟ್ಟಣೆಯನ್ನು ಅವಲಂಬಿಸಿರಬಹುದು ಎಂದಿತು. ಅಂದರೆ ಬಳಗ ಹುಟ್ಟಿದಂದಿನಿಂದ ಹಾಗೇ ಇರುವುದಲ್ಲ. ಗಿಡ ಬಲಿತಂತೆ, ಮೆಳೆ ಕಟ್ಟಿದಂತೆ ಬದಲಾಗುತ್ತದೆ. ಬೆಳೆದು ನಿಂತ ಮೆಳೆಯ ಬೇರನ್ನು ಕಿತ್ತು ನೋಡಿ ಗೆಲುವಿನ ಕಾರಣ ಸಿಗಲಿಲ್ಲ ಎನ್ನುವುದು, ಮದುವೆಯಾಗಿ ಮೂವತ್ತು ವರ್ಷ ಕಳೆದವರ ಮನೆಗೆ ಹೋಗಿ ಸಂಬಂಧ ಕುದುರಿಸಿದವರು ಕಾಣಲಿಲ್ಲ ಎಂದಂತೆ.

ಇಲ್ಲಿ ತಕರಾರು ಬರುತ್ತದೆ: ಈ ಹುಲ್ಲು ಹಬ್ಬುವುದು ಬೇರುಕಾಂಡದಿಂದ ತಾನೆ, ಸಸಿಯ ಮಾತು ಎಲ್ಲಿಂದ ಬಂತು? ಬಹುಕಾಲ ಎಲ್ಲರೂ ಹಾಗೇ ತಿಳಿದಿದ್ದರು. ಚೆಸಪೀಕ್ ಕೊಲ್ಲಿಯಲ್ಲಿ ಮೆಳೆ ಮೆಳೆಯ ವಂಶವಾಹಿಗಳನ್ನು ಬಿಡಿಸಿ ನೋಡಿದಾಗ ಚಿತ್ರ ಬೇರೆಯಾಯಿತು. ಒಂದು ಮೆಳೆಗೂ ಇನ್ನೊಂದಕ್ಕೂ ವಂಶ ಬೇರೆ ಬೇರೆ. ಅವು ಬೀಜದಿಂದ ಬಂದವು. ನೆಲೆ ನಿಂತ ಮೇಲೆ ಅಗಲವಾಗುವುದು ಬೇರುಕಾಂಡದಿಂದ, ಹೊಸ ಊರಿಗೆ ಹೋಗುವುದು ಹೆಚ್ಚಾಗಿ ಬೀಜದಿಂದ. ಗ್ರೇಟ್ ಲೇಕ್ಸ್‌ನಲ್ಲಂತೂ 1990ರ ದಶಕದ ಕೊನೆಯಿಂದ 2013ರವರೆಗೆ ಮಿಷಿಗನ್ ಮತ್ತು ಹ್ಯೂರಾನ್ ಸರೋವರಗಳ ನೀರು ಬಹುಮಟ್ಟಿಗೆ ಕೆಳಗಿಳಿದೇ ಇತ್ತು. ಬಯಲಾದ ಕೆಸರು ಹಾಸು ಬೀಜಗಳಿಗೆ ತೆರೆದ ಒಟ್ಲುಪಾತಿಯಾಯಿತು. ಉಪಗ್ರಹದ ರೇಡಾರ್ ಚಿತ್ರಗಳಿಂದ ಮಾಡಿದ ಮೊದಲ ನಕ್ಷೆಯಲ್ಲಿ ಅಮೆರಿಕದ ಬದಿಯ ದಂಡೆಯಲ್ಲೇ ಸುಮಾರು 24 ಸಾವಿರ ಹೆಕ್ಟೇರು ಜೊಂಡು ಸಿಕ್ಕಿತು. ಇಂಥ ಹಾಸಿನ ಮೇಲೆ ಲಕ್ಷಾಂತರ ಬೀಜ ಬಿದ್ದಾಗ, ನೂರಕ್ಕೆ ಒಂದು ಸಸಿ ಬದುಕುವುದಕ್ಕೂ ಎರಡು ಬದುಕುವುದಕ್ಕೂ ಇರುವ ಅಂತರವೇ ಮುಂದೆ ಮೆಳೆಗಳ ಸಂಖ್ಯೆಯ ಅಂತರ. ಸೂಕ್ಷ್ಮಜೀವಿಗಳು ಇದಕ್ಕಿಂತ ದೊಡ್ಡ ಪವಾಡ ಮಾಡಬೇಕಾಗಿಯೇ ಇಲ್ಲ.

ಇನ್ನೊಂದು ತಕರಾರು ಹೆಚ್ಚು ಗಟ್ಟಿಯಾದದ್ದು. ಬ್ರಯನ್ ಸಿಲಿಮನ್ ಮತ್ತು ಮಾರ್ಕ್ ಬರ್ಟ್ನೆಸ್ 2004ರಲ್ಲೇ ತೋರಿಸಿದ್ದರು: ನ್ಯೂ ಇಂಗ್ಲೆಂಡಿನ ಉಪ್ಪುಜೌಗುಗಳಲ್ಲಿ ಜೊಂಡು ನುಗ್ಗುವುದು ದಂಡೆಯ ಕಾಡು ಕಡಿದು ಮನೆ ಕಟ್ಟಿದ ಕಡೆ, ಅಲ್ಲಿಂದ ಸಾರಜನಕ ಹರಿದು ಬರುವ ಕಡೆ. ಗೊಬ್ಬರ ಹೆಚ್ಚಾಗಿ ಕಳೆ ಹೆಚ್ಚಿತು ಎಂಬ ಸರಳ ವಿವರಣೆ ಇರುವಾಗ ಬ್ಯಾಕ್ಟೀರಿಯಾಗಳನ್ನು ಎಳೆತರುವುದೇಕೆ? ಇದನ್ನು ಒಪ್ಪಲೇಬೇಕು, ಬೆಂಗಳೂರಿನ ಕೆರೆಗಳಲ್ಲಿ ಒಳಚರಂಡಿ ನೀರು ಕುಡಿದು ಕೊಬ್ಬುವ ಅಂತರಗಂಗೆಯನ್ನು ಕಂಡವರು ಒಪ್ಪದೆ ಇರಲಾರರು. ಆದರೆ ಸಾರಜನಕ ದೇಸಿ ಜೊಂಡಿಗೂ ಸಿಗುತ್ತದೆ, ಅದಕ್ಕೆ ಈ ಪರಿ ಸೊಕ್ಕು ಬರಲಿಲ್ಲ. ಗೊಬ್ಬರ ಬಾಗಿಲು ತೆರೆಯುತ್ತದೆ, ಒಳಗೆ ಮೊದಲು ಯಾರು ಬರುತ್ತಾರೆ ಎಂಬುದನ್ನು ತೀರ್ಮಾನಿಸುವುದು ಗಿಡದ ವಂಶಗುಣ ಮತ್ತು ಅದರ ಜೊತೆಗಾರರು. ಮೇಲಾಗಿ ಜೌಗಿನಲ್ಲಿ ಸಾರಜನಕದ ವ್ಯವಹಾರವೆಲ್ಲ ನಡೆಯುವುದೇ ಬ್ಯಾಕ್ಟೀರಿಯಾಗಳ ಕೈಯಲ್ಲಿ. ಜೊಂಡಿನ ದಂಟು ಪೊಳ್ಳು. ಮೇಲಿನ ಗಾಳಿಯನ್ನು ಒತ್ತಡದಿಂದ ಕೆಳಗೆ ತಳ್ಳಿ ಉಸಿರುಗಟ್ಟಿದ ಕೆಸರಿನಲ್ಲೂ ಬೇರಿನ ಸುತ್ತ ಆಮ್ಲಜನಕದ ತೆಳು ಕವಚ ಕಟ್ಟುತ್ತದೆ. ಆ ಕವಚದೊಳಗೆ ಬೇರೆ ಬ್ಯಾಕ್ಟೀರಿಯಾ, ಅದರಾಚೆ ಬೇರೆ ಬ್ಯಾಕ್ಟೀರಿಯಾ. ಸಾರಜನಕವೋ ಸೂಕ್ಷ್ಮಜೀವಿಯೋ ಎಂದು ಕೇಳುವುದು, ಅನ್ನ ಬೆಂದದ್ದು ಬೆಂಕಿಯಿಂದಲೋ ನೀರಿನಿಂದಲೋ ಎಂದು ಕೇಳಿದ ಹಾಗೆ.

ಇಂಥ ಕ್ಷೇತ್ರದಲ್ಲಿ ಎಚ್ಚರ ಬೇಕೆನ್ನಲು ಗ್ಯಾಲಿಕ್ ಆಮ್ಲದ ಪ್ರಕರಣವೊಂದೇ ಸಾಕು. ಜೊಂಡಿನ ಬೇರು ಈ ವಿಷವನ್ನು ಒಸರಿ ನೆರೆಯ ಸಸಿಗಳ ಬೇರನ್ನು ಸುಡುತ್ತದೆ ಎಂದು 2007ರಲ್ಲಿ ಒಂದು ಪ್ರಯೋಗಾಲಯ ಹೇಳಿದಾಗ ಸುದ್ದಿ ದೊಡ್ಡದಾಗಿ ಹಬ್ಬಿತು. 2013ರಲ್ಲಿ ಇನ್ನೊಂದು ತಂಡ ಅಳೆದು ನೋಡಿದರೆ, ಜೊಂಡಿನ ಗೆಲುವನ್ನು ವಿವರಿಸಬಲ್ಲಷ್ಟು ಗ್ಯಾಲಿಕ್ ಆಮ್ಲಕ್ಕೆ ಪುರಾವೆಯೇ ಸಿಗಲಿಲ್ಲ. ತಟ್ಟೆಯಲ್ಲಿ ಗರಿಕೆ ಸಸಿಯನ್ನು ಕಾಪಾಡಿದ ಸೂಡೊಮೊನಾಸ್ ಕೂಡ ನಿಜವಾದ ಜೌಗಿನಲ್ಲಿ, ನೂರೆಂಟು ಪೈಪೋಟಿಗಾರರ ನಡುವೆ, ಅದೇ ಕೆಲಸ ಮಾಡುತ್ತದೆಯೇ ಎಂದು ಅಲ್ಲಿಯೇ ಅಳೆಯಬೇಕು.

ಹಾಗಾದರೆ ಈ ತಿಳಿವಿನಿಂದ ಕಳೆಗೆ ಮದ್ದು ಹುಟ್ಟೀತೆ? ಮೊದಲು ಹೊಳೆಯುವುದು ತವರಿನ ಶತ್ರುವನ್ನೇ ತಂದು ಬಿಡುವ ಉಪಾಯ. ಕರ್ನಾಟಕಕ್ಕೆ ಇದು ಹೊಸದಲ್ಲ: ಕಾಂಗ್ರೆಸ್ ಹುಲ್ಲನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು ಬೆಂಗಳೂರಿನಲ್ಲಿ 1984ರಲ್ಲೇ ಬಿಡಲಾಗಿತ್ತು. ಶಿಲೀಂಧ್ರದಲ್ಲೂ ಒಂದು ಯತ್ನ ನಡೆಯಿತು. ಮೈಕೇನಿಯ ಎಂಬ ಕಳೆಬಳ್ಳಿಯ ಮೇಲೆ ತುಕ್ಕುರೋಗದ ಶಿಲೀಂಧ್ರವನ್ನು 2005-06ರಲ್ಲಿ ಅಸ್ಸಾಂ ಮತ್ತು ಕೇರಳದಲ್ಲಿ ಬಿಟ್ಟರು, ಅದು ನೆಲೆಯೂರಲಿಲ್ಲ. ಜೊಂಡಿನ ವಿಷಯದಲ್ಲಿ ಕೆನಡಾದವರು ದಂಟು ಕೊರೆಯುವ ಎರಡು ಪತಂಗಗಳನ್ನು 2019ರಿಂದ ಒಂಟಾರಿಯೊದಲ್ಲಿ ಬಿಡುತ್ತಿದ್ದಾರೆ, ದೇಸಿ ಜೊಂಡಿಗೆ ಅಪಾಯವಿಲ್ಲವೇ ಎಂಬ ಜಗಳದ ನಡುವೆಯೇ. ಪತಂಗಕ್ಕೇ ಇಷ್ಟು ಜಗಳವಾದರೆ ಗಾಳಿಯಲ್ಲಿ ಹಾರುವ, ನೀರಿನಲ್ಲಿ ಈಜುವ ಬೀಜಕಣಕ್ಕೆ ಎಷ್ಟಾಗಬೇಡ? ಅಮೆರಿಕದಲ್ಲೂ ಜೊಂಡು ಎಲ್ಲ ಕಡೆ ಬೇಡವಾದದ್ದಲ್ಲ: ಮಿಸಿಸಿಪ್ಪಿ ನದೀಮುಖಜಭೂಮಿಯಲ್ಲಿ ಸಮುದ್ರದ ಹೊಡೆತಕ್ಕೆ ನೆಲ ಕೊಚ್ಚಿಹೋಗದಂತೆ ಹಿಡಿದಿರುವುದೇ ಜೊಂಡು. 2016ರಲ್ಲಿ ಅಲ್ಲಿ ಅದು ರಾಶಿ ರಾಶಿಯಾಗಿ ಒಣಗತೊಡಗಿದಾಗ, ಏಷ್ಯಾದಿಂದ ಬಂದ ಶಲ್ಕಕೀಟವೊಂದು ಮೈತುಂಬ ಅಂಟಿರುವುದು ಕಂಡು ಲೂಸಿಯಾನದವರು ಗಾಬರಿಯಾದರು. ಮಿಷಿಗನ್ನಿಗೆಂದು ಬಿಟ್ಟ ರೋಗ ಅಲ್ಲಿಗೆ ಹೋಗಬೇಡ ಎಂದರೆ ಕೇಳುವುದಿಲ್ಲ.

ಹಂತಕನನ್ನು ತರುವ ಬದಲು ಗೆಳೆಯನನ್ನು ಅಗಲಿಸುವುದು, ಅಂದರೆ ಬೀಜ ಮತ್ತು ಎಳೆ ಬೇರಿನ ಸಹಾಯಕರನ್ನು ಆ ಒಂದು ತುಂಡು ನೆಲದಲ್ಲಿ ಮಾತ್ರ ಹಿಮ್ಮೆಟ್ಟಿಸುವುದು, ಕೊವಾಲ್ಸ್ಕಿಯವರ ಬಳಗ 2015ರಿಂದ ಮುಂದಿಡುತ್ತಿರುವ ದಾರಿ. ಅದು ಇನ್ನೂ ಪ್ರಯೋಗಾಲಯದ ಹೊಸ್ತಿಲು ದಾಟಬೇಕು. ಆದರೆ ಸಸಿಯ ಹಂತವೇ ನಿರ್ಣಾಯಕ ಎಂಬ ಅರಿವು ನೆಲ ನೋಡಿಕೊಳ್ಳುವವರ ಕ್ಯಾಲೆಂಡರನ್ನಂತೂ ಈಗಲೇ ಬದಲಿಸಬೇಕು. ಈಗ ಕಳೆನಾಶಕ ಹೊಡೆಯುವುದು ಬೆಳೆದು ನಿಂತ ಮೆಳೆಗೆ, ಬೇಸಿಗೆಯ ಕೊನೆ ಅಥವಾ ಶರತ್ಕಾಲದಲ್ಲಿ. ಮೆಳೆ ಸತ್ತು ಬಿಸಿಲು ಬಿದ್ದ ಕೆಸರಿನ ಮೇಲೆ ಮುಂದಿನ ವಸಂತದಲ್ಲಿ ಹೊಸ ಬೀಜಗಳು ತಮ್ಮ ಪರಿವಾರ ಸಮೇತ ಇಳಿಯುತ್ತವೆ, ಆಗ ಅಲ್ಲಿ ಕಾವಲಿಗೆ ಯಾರೂ ಇರುವುದಿಲ್ಲ. ಜೊಂಡಿನ ಬೀಜ ನಾಲ್ಕೈದು ಸೆಂಟಿಮೀಟರಿಗಿಂತ ಆಳದ ನೀರಿನಡಿ ಮೊಳೆಯಲು ಹೆಣಗುತ್ತದೆ. ಏರಿ ಮತ್ತು ತೂಬು ಇರುವ ಜೌಗುಗಳಲ್ಲಿ ಆ ಕೆಲವು ವಾರ ತೂಬಿಗೆ ಹಲಗೆ ಇಳಿಸಿ, ಕೆಸರಿನ ಮೇಲೆ ಒಂದು ಗೇಣು ನೀರು ನಿಲ್ಲಿಸಬಹುದು. ಅಷ್ಟರೊಳಗೆ ಮೊಳೆತಿದ್ದ ಸಸಿಯ ತಲೆ ಮುಳುಗಿರುತ್ತದೆ. ಕೆಳಗೆ, ಬೇರಿನ ಸುತ್ತ, ಪಿಥಿಯಂ ಈಜಲು ಶುರು ಮಾಡಿರುತ್ತದೆ.